ಚಕ್ಕಳಮಕ್ಕಳ ಕೂತವರ ಟೆನರ್: ಸ್ಯಾಕ್ಸೊಫೋನ್ ತಯಾರಿಕೆಯನ್ನು ಅಳೆಯಲು ನಮ್ಮದೊಂದು ಮಾನದಂಡ

ಸೆಲ್ಮರ್, ಯಮಹಾ, ಯಾನಾಗಿಸಾವಾ, ಕೈಲ್ವರ್ತ್ ಟೆನರ್ ಸ್ಯಾಕ್ಸೊಫೋನುಗಳನ್ನು ಹೋಲಿಸುವ ಬರಹಗಳು ಒಂದು ದೇಹಭಂಗಿಯನ್ನು ಹೇಳದೆಯೇ ಒಪ್ಪಿಕೊಂಡಿರುತ್ತವೆ: ವಾದಕ ನಿಂತಿರುತ್ತಾನೆ ಇಲ್ಲವೇ ಕುರ್ಚಿಯಲ್ಲಿರುತ್ತಾನೆ, ವಾದ್ಯ ಕೊರಳಪಟ್ಟಿಯಿಂದ ತೂಗುತ್ತದೆ. ನಮ್ಮಲ್ಲಿ ಈ ವಾದ್ಯ ನೆಲದ ಮೇಲೆ ಕೂತಿದೆ. ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಂಥ ಕಡೆ ಮದುವೆಯ ವಾಲಗದವರಿಗೂ, ಸಭೆಯಲ್ಲಿ ಕಛೇರಿ ಮಾಡುವವರಿಗೂ ಜಮಖಾನೆಯೇ ವೇದಿಕೆ. ಹೀಗಾಗಿ ಬ್ರ್ಯಾಂಡುಗಳ ಗುಣದೋಷದ ಪಟ್ಟಿಯನ್ನು ಇಲ್ಲಿ ಬೇರೆ ರೀತಿಯಲ್ಲೇ ಬರೆದುಕೊಳ್ಳಬೇಕಾಗುತ್ತದೆ.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತ ಕದ್ರಿ ಗೋಪಾಲನಾಥ್ (1949–2019) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆ ಎಲ್ಲರಿಗೂ ಗೊತ್ತು. ತಂದೆ ನಾಗಸ್ವರ ವಿದ್ವಾಂಸರು. ಮಗ ಹಿಡಿದದ್ದು ಆಲ್ಟೊ. ಟೆನರ್ ಏಕಲ್ಲ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಉತ್ತರದ ಒಂದು ಪಾಲು ಶ್ರುತಿಯಲ್ಲಿದೆ. ಆಲ್ಟೊದಲ್ಲಿ ‘ಸಿ’ ಎಂದು ಹಿಡಿದ ಬೆರಳಿಗೆ ಹೊರಡುವುದು ಎರಡೂವರೆ ಮನೆಯ ಷಡ್ಜ. ಬಾರಿ ನಾಗಸ್ವರ ಸಾಮಾನ್ಯವಾಗಿ ನಿಲ್ಲುವುದೂ ಅದರ ಆಸುಪಾಸಿನಲ್ಲೇ. ಟೆನರ್ ಆಲ್ಟೊಗಿಂತ ಒಂದು ಮಧ್ಯಮದಷ್ಟು ಕೆಳಗಿನದು. ಅದೇ ಶ್ರುತಿ ಬೇಕಾದರೆ ಷಡ್ಜವನ್ನು ‘ಎಫ್’ ಬೆರಳಿಗೆ ಸರಿಸಬೇಕು.

ಸರಿಸಿದ ಮೇಲೆ ಏನಾಗುತ್ತದೆ ನೋಡಿ. ಮಾಯಾಮಾಳವಗೌಳದಲ್ಲಿ ಮಂದ್ರಕ್ಕೆ ಇಳಿದರೆ ನಿಷಾದದ ತನಕ ತೊಂದರೆಯಿಲ್ಲ. ಶುದ್ಧ ಧೈವತ ಬೀಳುವುದು ಕೆಳಗಿನ ‘ಸಿ ಶಾರ್ಪ್’ ಕೀ ಮೇಲೆ, ಅಂದರೆ ಎಡಗೈ ಕಿರುಬೆರಳಿಗೆ. ಪಂಚಮ ಬಲಗೈ ಕಿರುಬೆರಳಿಗೆ. ಶುದ್ಧ ಮಧ್ಯಮ ವಾದ್ಯದ ಕಟ್ಟಕಡೆಯ ‘ಬಿ ಫ್ಲಾಟ್’; ಅದಕ್ಕೆ ಪಂಚಮದ ಕೀಯನ್ನು ಒತ್ತಿಹಿಡಿದುಕೊಂಡೇ ಎಡಗೈ ಕಿರುಬೆರಳನ್ನು ಜಾರಿಸಬೇಕು. ಟೆನರ್ ಕೊಡುವ ಹೆಚ್ಚಿನ ಸುಖವೇ ಈ ಮಂದ್ರ, ಆ ಮಂದ್ರವೇ ಎರಡು ಕಿರುಬೆರಳುಗಳ ಪಾಲಿಗೆ ಬಿದ್ದಿದೆ. ಸಾಲದ್ದಕ್ಕೆ, ಮೇಲಿನ ಸ್ವರಗಳನ್ನು ತುಟಿಯಿಂದ ಬಾಗಿಸಿದಷ್ಟು ಸಲೀಸಾಗಿ ಈ ಕೆಳಸ್ವರಗಳನ್ನು ಬಾಗಿಸಲಾಗದು. ಗಮಕಕ್ಕೆ ಇದು ದೊಡ್ಡ ಹೊಡೆತ.

ಬ್ರ್ಯಾಂಡುಗಳ ನಡುವಿನ ನಿಜವಾದ ಅಂತರ ಕಾಣುವುದು ಇಲ್ಲೇ. ಅಮೆರಿಕದ ಎಲ್ಕ್‌ಹಾರ್ಟಿನಲ್ಲಿ ತಯಾರಾಗುತ್ತಿದ್ದ ಕಾನ್ 10ಎಂ ಟೆನರಿನ ನಾದಕ್ಕೆ ಇಂದಿಗೂ ಭಕ್ತರಿದ್ದಾರೆ. ಆದರೆ ಅದರ ಎಡಗೈ ಕಿರುಬೆರಳಿನ ಕೀಗಳು ಬಿಗಿ. ನೇರವಾಗಿ ಕೆಳಕ್ಕೆ ಒತ್ತಲು ಬೆರಳಿಗೆ ಬಲ ಬೇಕು. ಪ್ಯಾರಿಸಿನ ಸೆಲ್ಮರ್ 1936ರ ‘ಬ್ಯಾಲೆನ್ಸ್ಡ್ ಆಕ್ಷನ್’ ಮಾದರಿಯಲ್ಲಿ ಬೆಲ್‌ನ ಮುಚ್ಚಳಗಳನ್ನು ಬಲಬದಿಗೆ ಕೊಂಡೊಯ್ದು ಸನ್ನೆಗಳನ್ನು ಹಗುರ ಮಾಡಿತು. ಮುಂದಿನ ಮಾದರಿಯಲ್ಲಿ ಎರಡೂ ಕೈಗಳ ಸ್ವರರಂಧ್ರಗಳ ಸಾಲನ್ನು ಒಂದೇ ಗೆರೆಯಲ್ಲಿ ಇಡದೆ ಓರೆಯಾಗಿಸಿತು. 1954ರಲ್ಲಿ ಬಂದ ಮಾರ್ಕ್ 6 ಇದನ್ನೆಲ್ಲ ಪಕ್ವಗೊಳಿಸಿತು. ಇಂದಿನ ಯಮಹಾ, ಯಾನಾಗಿಸಾವಾ, ತೈವಾನಿನ ತಯಾರಿಕೆಗಳೆಲ್ಲ ಹೆಚ್ಚುಕಡಿಮೆ ಆ ವಿನ್ಯಾಸದ ಮಕ್ಕಳು.

ಬಲಬದಿಯ ಮುಚ್ಚಳದಿಂದ ನೆಲದ ಮೇಲೆ ಕೂತವರಿಗೆ ಸೆಲ್ಮರ್ ಎಣಿಸಿರದ ಲಾಭವೊಂದು ದಕ್ಕಿದೆ. ಚಕ್ಕಳಮಕ್ಕಳ ಕೂತಾಗ ಆಲ್ಟೊವನ್ನು ಮಡಿಲಿಗೆ ಒರಗಿಸಬಹುದು. ಉದ್ದನೆಯ ಟೆನರ್ ಬಲತೊಡೆಯ ಪಕ್ಕಕ್ಕೇ ಸರಿಯಬೇಕು. ಆಗ ಕಾನ್‌ನ ಎಡಬದಿಯ ಮುಚ್ಚಳಗಳು ತೊಡೆಗೆ, ಪಂಚೆಯ ನೆರಿಗೆಗೆ ತಾಗುತ್ತವೆ. ಸೆಲ್ಮರ್ ವಂಶದ ವಾದ್ಯಗಳಲ್ಲಿ ಅವು ಹೊರಮುಖವಾಗಿ ನಿರಾಳವಾಗಿರುತ್ತವೆ. ಮೂರರಿಂದ ಮೂರೂವರೆ ಕಿಲೋ ತೂಕದ ದೂರು, ಪಶ್ಚಿಮದ ವಾದಕರ ಮೊದಲ ದೂರು, ಇಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ, ಭಾರವನ್ನು ನೆಲ ಹೊರುತ್ತದಲ್ಲ! ಬದಲಿಗೆ ವಾದ್ಯದ ಕತ್ತಿನ, ಅಂದರೆ ನೆಕ್ಕಿನ, ತೊಡಕು ಹುಟ್ಟುತ್ತದೆ. ವಾದ್ಯ ಪಕ್ಕಕ್ಕೆ ಹೋದಷ್ಟೂ ನೆಕ್ಕನ್ನು ಬಾಯಿಯತ್ತ ತಿರುಗಿಸಬೇಕು. ನೆಕ್ಕಿನ ಮೇಲಿನ ಆಕ್ಟೇವ್ ಬಳೆಯನ್ನು ಎತ್ತುವುದು ಒಡಲಿನಿಂದ ಚಾಚಿರುವ ಒಂದು ಸಣ್ಣ ಕಡ್ಡಿ. ತಿರುವು ಮಿತಿಮೀರಿದರೆ ಕಡ್ಡಿ ಬಳೆಗೆ ಸರಿಯಾಗಿ ಸಿಗದೆ ತಾರಗಾಂಧಾರ ಹೊರಡಬೇಕಾದಲ್ಲಿ ಮಧ್ಯಗಾಂಧಾರ ಹೊರಡುತ್ತದೆ. ಖರೀದಿಗೆ ಮುನ್ನ ಕೂತು, ನೆಕ್ ತಿರುಗಿಸಿ ನೋಡಬೇಕಾದ ಜಾಗ ಇದು. ಅಂಗಡಿಯಲ್ಲಿ ನಿಂತು ನುಡಿಸಿದವರಿಗೆ ಇದು ತಿಳಿಯುವುದೇ ಇಲ್ಲ.

ಕಟ್ಟುವಿಕೆಯ ಗುಣ ಎಂದಾಗ ಜನ ಮೊದಲು ಲೋಹವನ್ನು ನೋಡುತ್ತಾರೆ. ಯಾನಾಗಿಸಾವಾ ಹಿತ್ತಾಳೆಯ ಜೊತೆಗೆ ಕಂಚಿನ ಒಡಲಿನ ಟೆನರನ್ನೂ ಮಾಡುತ್ತದೆ. ಲೋಹವಿಗ್ರಹಗಳ ಎರಕಕ್ಕೆ ಹೆಸರಾದ ನಾಗಮಂಗಲದವರಿಗೆ ಕಂಚೆಂದರೆ ಒಂದು ಗೌರವ ಇದ್ದೇ ಇರುತ್ತದೆ. ಆದರೆ ಸ್ಯಾಕ್ಸೊಫೋನ್ ಎರಕದ್ದಲ್ಲ, ತಗಡಿನದು. ಇಂಥ ಸುಷಿರ ವಾದ್ಯದಲ್ಲಿ ನುಡಿಯುವುದು ಒಳಗಿನ ಗಾಳಿಯ ಕಂಬ. ಗೋಡೆಯ ಲೋಹದಿಂದ ನಾದಕ್ಕೆ ಆಗುವ ವ್ಯತ್ಯಾಸ ನಗಣ್ಯವೆಂದು ಭೌತವಿಜ್ಞಾನಿ ಜಾನ್ ಬ್ಯಾಕಸ್ 1964ರಲ್ಲೇ ವಾದಿಸಿದ್ದರು. ನಾನು ಲೋಹಕ್ಕಿಂತ ಮುಚ್ಚಳಗಳನ್ನು ಹಿಡಿದಿರುವ ತೋಳುಗಳನ್ನು ನೋಡುತ್ತೇನೆ. ಟೆನರಿನ ಕೆಳ ಮುಚ್ಚಳಗಳು ಅಗಲ, ಅವುಗಳ ಸರಳುಗಳು ಉದ್ದ. ಒಂದೇ ತೋಳಿನ ಮುಚ್ಚಳ ಒತ್ತಿದಾಗ ತುಸು ಬಾಗಿ ಒಂದು ಅಂಚಿನಲ್ಲಿ ಗಾಳಿ ಬಿಡಬಹುದು. ಯಾನಾಗಿಸಾವಾದ ಮೇಲ್ದರ್ಜೆಯ ಮಾದರಿಗಳಲ್ಲಿ ಕೆಳ ‘ಬಿ’, ‘ಸಿ’ ಮುಚ್ಚಳಗಳಿಗೆ ಎರಡೆರಡು ತೋಳುಗಳಿವೆ. ಮಂದ್ರ ಪಂಚಮದ ಮೇಲೆ ನಿಲ್ಲುವವನಿಗೆ ಇದು ಕಂಚಿಗಿಂತ ಬೆಲೆಯುಳ್ಳದ್ದು.

ವಾಲಗದ ಲೆಕ್ಕ ಬೇರೆ. ಕೆ.ಆರ್. ಪೇಟೆಯ ಛತ್ರದಲ್ಲಿ ಧಾರೆಯ ಗಟ್ಟಿಮೇಳ ಮುಗಿಸಿ ಪಾಂಡವಪುರದ ಆರತಕ್ಷತೆಗೆ ಓಡುವ ಮೇಳದ ವಾದ್ಯಕ್ಕೆ ಬೆವರು, ಧೂಳು, ಟೆಂಪೋದ ಕುಲುಕಾಟ ದಿನನಿತ್ಯದವು. ಮುಚ್ಚಳದೊಳಗಿನ ಚರ್ಮ ತೇವ ಹೀರಿ ಅಂಟಿಕೊಳ್ಳುತ್ತದೆ, ಸೂಜಿಯಂಥ ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಕೈಲ್ವರ್ತ್ ಎಸ್ಎಕ್ಸ್90ಆರ್ ಮಾದರಿಯಂತೆ ಸ್ವರರಂಧ್ರದ ಅಂಚನ್ನು ಹೊರಳಿಸಿದ್ದರೆ ಚರ್ಮಕ್ಕೆ ಕೊಯ್ತ ಕಡಿಮೆ ಎನ್ನುತ್ತಾರೆ, ಆದರೆ ಆ ಅಂಚು ಏರುಪೇರಾದರೆ ಸಮ ಮಾಡುವುದು ಸಾಮಾನ್ಯ ರಿಪೇರಿಯವರ ಕೈಲಾಗದ ಕೆಲಸ. ಯಮಹಾ ವೈಟಿಎಸ್-280 ವಿದ್ಯಾರ್ಥಿ ದರ್ಜೆಯದೆಂದು ಮೂಗು ಮುರಿಯುವವರುಂಟು. ಕೀಗಳ ಜೋಡಣೆ ಒಂದರಿಂದ ಇನ್ನೊಂದಕ್ಕೆ ಬದಲಾಗದ ಅದರ ಶಿಸ್ತನ್ನು ಕಂಡವರು ಮೇಳಕ್ಕೆ ಅದನ್ನೇ ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಕಛೇರಿಗೆ ಮಾತ್ರ ಎರಡು ತೋಳಿನ ಯಾನಾಗಿಸಾವಾ. ಕಾನ್ 10ಎಂ ಧ್ವನಿಮುದ್ರಣದ ಕೋಣೆಯಲ್ಲಿರಲಿ, ಅದೂ ನುಡಿಸುವವರು ಕುರ್ಚಿಯ ಮೇಲೆ ಕೂರುವುದಾದರೆ.