ಪಣಂಬೂರಿನ ಪೋರ್ಟು, ಬಾಣಂತಿಯ ಪೋರ್ಟು

ಈ ಸಲದ ಬರಹ ಸ್ವಲ್ಪ ಉದ್ದ ಉಂಟು. ಗೇರುಬೀಜ ಹೆಕ್ಕಿ ಮುಗಿಸಿ, ಊಟ ಆದ ಮೇಲೆ ಪುರುಸೊತ್ತಿನಲ್ಲಿ ಓದಿ.

ಮಗಳು ಹೆರಿಗೆಗೆ ಮನೆಗೆ ಬಂದಿದ್ದಾಳೆ. ಮಗುವಿಗೆ ಇವತ್ತಿಗೆ 22 ದಿನ. ಮೊನ್ನೆ ನನ್ನ ಅಕ್ಕ ನೋಡಲಿಕ್ಕೆ ಬಂದವಳು ಚೀಲದಿಂದ ಒಂದು ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟಳು. ಪೋರ್ಟ್ ವೈನ್. "ದಿನಕ್ಕೆ ಎರಡು ಚಮಚ ಕೊಡಿ, ಮೈಯಲ್ಲಿ ರಕ್ತ ಆಗ್ತದೆ" ಅಂದಳು. ನಮ್ಮ ಕಡೆ ಇದು ಹೊಸತಲ್ಲ. ಬಾಣಂತಿಗೆ ಬ್ರಾಂಡಿಯೋ ಪೋರ್ಟ್ ವೈನೋ ಕೊಡುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ನನ್ನ ಅಮ್ಮನಿಗೂ ಕೊಟ್ಟಿದ್ದರಂತೆ. ಮಗಳು ಬಾಟ್ಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದಳು. "ಅಪ್ಪಾ, ಇದರಲ್ಲಿ 16 ಪರ್ಸೆಂಟ್ ಆಲ್ಕೋಹಾಲ್ ಉಂಟು. ಬಿಯರಿಗಿಂತ ಮೂರು ಪಾಲು ಜಾಸ್ತಿ. ಇದು ಮದ್ದು ಹೇಗೆ ಆಗ್ತದೆ?" ಅಂತ ಕೇಳಿದಳು. ಅಕ್ಕನಿಗೆ ಕೋಪ ಬಂತು. ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಹುಡುಕಿ ಓದಲಿಕ್ಕೆ ಕೂತದ್ದು.

ಮೊದಲು ಸಿಕ್ಕಿದ್ದು ಹೆಸರಿನ ಕತೆ. ಪೋರ್ಚುಗಲ್ ದೇಶದಲ್ಲಿ ಪೋರ್ತೊ ಅಂತ ಒಂದು ಪಟ್ಟಣ. ಡೌರೊ ಅನ್ನುವ ನದಿ ಸಮುದ್ರ ಸೇರುವಲ್ಲಿ ಉಂಟು. ಆ ಹೆಸರಿನ ಅರ್ಥವೇ ಬಂದರು. ಅಲ್ಲಿಂದ ಹಡಗು ಹತ್ತಿದ ವೈನಿಗೆ ಪೋರ್ಟ್ ಅಂತ ಹೆಸರಾಯಿತು. ನಾವು ಪಣಂಬೂರಿನವರು "ಪೋರ್ಟಿಗೆ ಹೋಗಿ ಬರ್ತೇನೆ" ಅಂತ ದಿನಾ ಹೇಳುತ್ತೇವೆ. ಅದೇ ಶಬ್ದ ಬಾಟ್ಲಿಯ ಮೇಲೆ ಇದ್ದದ್ದು ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲ ಮಾರಾಯ್ರೆ.

ನಮ್ಮ ಅಜ್ಜನ ಮನೆ ಪಣಂಬೂರಿನಲ್ಲಿಯೇ ಇದ್ದದ್ದು. ಬಂದರು ಬರುವಾಗ ಆ ಕಡೆಯ ತುಂಬಾ ಮನೆಗಳು ಎದ್ದು ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದವು, ನಮ್ಮದೂ ಬಂತು. 1974ರ ಮೇ 4ಕ್ಕೆ ಅದು ದೇಶದ ಒಂಬತ್ತನೇ ದೊಡ್ಡ ಬಂದರು ಅಂತ ಘೋಷಣೆ ಆಯಿತು. 1975ರ ಜನವರಿ 11ಕ್ಕೆ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಅಜ್ಜ ಮೂರ್ತೆ ಮಾಡುತ್ತಿದ್ದವರು. ತಾಳೆಮರ, ತೆಂಗಿನಮರ ಹತ್ತಿ ಕಳ್ಳು ಇಳಿಸುವುದು. ಈ ವೈನಿನ ವಿದ್ಯೆ ಅರ್ಥ ಆಗಲಿಕ್ಕೆ ಅಜ್ಜನ ಮಡಕೆಯೇ ಸಾಕು.

ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿ. ಮಧ್ಯಾಹ್ನಕ್ಕೆ ನೊರೆ, ಸಾಯಂಕಾಲಕ್ಕೆ ಅಮಲು, ಮರುದಿನಕ್ಕೆ ಹುಳಿ. ಕಣ್ಣಿಗೆ ಕಾಣದ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಗಾಳಿಯಾಗಿ ಹೋಗುವುದು ನೊರೆ. ಓಲೆಬೆಲ್ಲ ಮಾಡಲಿಕ್ಕೆ ಸಿಹಿಯೇ ಬೇಕಾದರೆ ಅಜ್ಜ ಮಡಕೆಯ ಒಳಗೆ ಸುಣ್ಣ ಹಚ್ಚಿ ಕಟ್ಟುತ್ತಿದ್ದರು. ಸುಣ್ಣ ಇದ್ದರೆ ಯೀಸ್ಟಿನ ಆಟ ನಡೆಯುವುದಿಲ್ಲ, ಸಿಹಿ ಉಳಿಯುತ್ತದೆ. ಪೋರ್ಟ್ ವೈನ್ ಮಾಡುವವರೂ ಹುಳಿಯುವುದನ್ನು ಅರ್ಧದಲ್ಲಿ ನಿಲ್ಲಿಸುತ್ತಾರೆ. ಅವರ ಸುಣ್ಣ ಯಾವುದು ಅಂದರೆ ಸ್ಪಿರಿಟ್.

ಡೌರೊ ಕಣಿವೆಯಲ್ಲಿ ದ್ರಾಕ್ಷಿ ಕೊಯ್ದು ಕಲ್ಲಿನ ತೊಟ್ಟಿಗೆ ಹಾಕಿ ಕಾಲಲ್ಲಿ ತುಳಿಯುತ್ತಾರೆ. ಈಗ ಹೆಚ್ಚಿನ ಕಡೆ ಯಂತ್ರ, ಆದರೆ ಒಳ್ಳೆಯ ಮಾಲಿಗೆ ಕೆಲವರು ಈಗಲೂ ಕಾಲಲ್ಲಿಯೇ ತುಳಿಯುವುದುಂಟು. ಎರಡು ಮೂರು ದಿನದಲ್ಲಿ ಅರ್ಧ ಸಕ್ಕರೆ ಹುಳಿದಾಗ ರಸ ಬೇರೆ ಮಾಡಿ, ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಸ್ಪಿರಿಟ್ ಸೇರಿಸುತ್ತಾರೆ. ಹಳೆಯ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 77 ಪರ್ಸೆಂಟಿನ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ನಾನು ಕಾಗದದಲ್ಲಿ ಲೆಕ್ಕ ಮಾಡಿದೆ. ಸ್ಪಿರಿಟಿನಿಂದಲೇ 16 ಪರ್ಸೆಂಟ್ ಬಂತು. ರಸದಲ್ಲಿ ಮೊದಲೇ 5 ಪರ್ಸೆಂಟಿನಷ್ಟು ಆಗಿದ್ದರೆ ಎಲ್ಲ ಸೇರಿ ಸುಮಾರು 20. ಅಷ್ಟು ಖಾರದಲ್ಲಿ ಯೀಸ್ಟ್ ಸಾಯುತ್ತದೆ. ಉಳಿದ ಸಕ್ಕರೆ ಹಾಗೆಯೇ ಉಳಿಯುತ್ತದೆ. ಪೋರ್ಟ್ ಸಿಹಿಯೂ ಇದ್ದು ಜೋರೂ ಇರುವುದು ಅದಕ್ಕೆ. ಹೀಗೆ ಸ್ಪಿರಿಟ್ ಸೇರಿಸಿ ಬಲ ಕೊಟ್ಟ ವೈನಿಗೆ ಫೋರ್ಟಿಫೈಡ್ ವೈನ್ ಅನ್ನುತ್ತಾರೆ.

ಇದು ಶುರುವಾದದ್ದು ಸಾಗಾಟದ ಕಷ್ಟದಿಂದ. ಇಂಗ್ಲೆಂಡಿಗೂ ಫ್ರಾನ್ಸಿಗೂ ಜಗಳ ಆಗಿ ಫ್ರಾನ್ಸಿನ ವೈನ್ ದುಬಾರಿ ಆಯಿತು. 1703ರಲ್ಲಿ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿ ಅವರ ವೈನಿಗೆ ಸುಂಕ ಇಳಿಸಿದರು. ಆದರೆ ಡೌರೊ ಕಣಿವೆ ಸಮುದ್ರದಿಂದ ದೂರ. ಕಡಿದಾದ ಗುಡ್ಡೆ, ಪದರಕಲ್ಲಿನ ಮಣ್ಣು, ಕಲ್ಲುಕಟ್ಟಿ ತಟ್ಟು ಮಾಡಿದ ತೋಟ. ಪೀಪಾಯಿ ದೋಣಿಯಲ್ಲಿ ನದಿ ಇಳಿದು, ಹಡಗು ಹತ್ತಿ, ಇಂಗ್ಲೆಂಡ್ ಮುಟ್ಟುವಾಗ ವೈನ್ ಹಾಳಾಗಿರುತ್ತಿತ್ತು. ಹಾಳಾಗದ ಹಾಗೆ ಸ್ವಲ್ಪ ಬ್ರಾಂಡಿ ಹೊಯ್ದರು. ಮೊದಲು ಹುಳಿದು ಮುಗಿದ ಮೇಲೆ ಹೊಯ್ಯುತ್ತಿದ್ದರು. ಹುಳಿಯುತ್ತಿರುವಾಗಲೇ ಹೊಯ್ದರೆ ಸಿಹಿ ಉಳಿಯುತ್ತದೆ ಅನ್ನುವುದು ಎಲ್ಲ ಕಡೆ ರೂಢಿಯಾಗಲಿಕ್ಕೆ ತುಂಬಾ ವರ್ಷ ಹೋಯಿತು.

ದುಡ್ಡು ಬಂದ ಕೂಡಲೇ ಮೋಸವೂ ಬಂತು. ತೆಳು ವೈನಿಗೆ ಬಣ್ಣ ಬರಲಿ ಅಂತ ಎಲ್ಡರ್‌ಬೆರಿ ಅನ್ನುವ ಕಪ್ಪು ಹಣ್ಣಿನ ರಸ ಬೆರೆಸಿದರು. ಯಾವುದೋ ಊರಿನ ವೈನಿಗೆ ಡೌರೊ ಹೆಸರು ಹಾಕಿದರು. ಹೆಸರು ಕೆಟ್ಟಿತು, ರೇಟು ಬಿತ್ತು. ಪೆಟ್ಟು ತಿಂದದ್ದು ಗುಡ್ಡೆಯ ರೈತ. ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ ಕತೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಅಲ್ಲಿಯ ಮಂತ್ರಿ, ಮುಂದೆ ಪೊಂಬಾಲ್ ಅಂತ ಹೆಸರಾದವನು, 1756ರಲ್ಲಿ ಒಂದು ಕಂಪೆನಿ ಮಾಡಿ ಕಣಿವೆಗೆ ಗಡಿ ಹಾಕಿಸಿದ. 300ಕ್ಕೂ ಹೆಚ್ಚು ಗ್ರಾನೈಟ್ ಕಂಬ ನೆಟ್ಟರು. ಆ ಕಂಬದ ಒಳಗೆ ಬೆಳೆದದ್ದು ಮಾತ್ರ ರಫ್ತಿಗೆ. ಎಲ್ಡರ್‌ಬೆರಿ ಗಿಡಗಳನ್ನು ಕಿತ್ತು ಹಾಕಿಸಿದ. ಎಲ್ಲರಿಗೂ ಒಳ್ಳೆಯದಾಯಿತು ಅಂತ ಹೇಳಲಿಕ್ಕಾಗದು. ಕಂಪೆನಿಯ ಹಿಡಿತ ತಾಳದೆ 1757ರಲ್ಲಿ ಪೋರ್ತೊ ಪಟ್ಟಣದಲ್ಲಿ ಜನ ದಂಗೆ ಎದ್ದರು, ಹಲವರನ್ನು ಗಲ್ಲಿಗೆ ಹಾಕಿದರು. ಆದರೆ ಗಡಿ ಉಳಿಯಿತು. ಒಂದು ಬೆಳೆಯ ಹೆಸರನ್ನು ಒಂದು ಜಾಗಕ್ಕೆ ಕಾನೂನಿನಲ್ಲಿ ಕಟ್ಟಿ ಹಾಕಿದ ಲೋಕದ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ನಮ್ಮ ಮಟ್ಟುಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಸಿಕ್ಕಿದ ಜಿಐ ಇದರದ್ದೇ ಮೊಮ್ಮಗು.

ಈಗಲೂ ಅಲ್ಲಿ ಪ್ರತಿಯೊಂದು ತೋಟಕ್ಕೆ ಅಂಕ ಉಂಟು. ಮಣ್ಣು, ಇಳಿಜಾರು, ಎತ್ತರ, ಬಿಸಿಲಿನ ದಿಕ್ಕು, ಬಳ್ಳಿಯ ಪ್ರಾಯ ಎಲ್ಲ ನೋಡಿ ದರ್ಜೆ ಕೊಡುತ್ತಾರೆ. ನಮ್ಮ ಪಹಣಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಬರೆದ ಹಾಗೆ ಅಂದುಕೊಳ್ಳಿ. ಆ ದರ್ಜೆಯ ಪ್ರಕಾರ ಯಾರು ಎಷ್ಟು ರಸವನ್ನು ಪೋರ್ಟ್ ಮಾಡಬಹುದು ಅಂತ ಪ್ರತಿ ವರ್ಷ ನಿಗದಿ ಆಗುತ್ತದೆ.

ಇನ್ನು ಬಗೆಗಳು. ದೊಡ್ಡ ತೊಟ್ಟಿಯಲ್ಲಿ ಗಾಳಿ ತಾಗದ ಹಾಗೆ ಎರಡು ಮೂರು ವರ್ಷ ಇಟ್ಟರೆ ಕೆಂಪು ಉಳಿಯುತ್ತದೆ, ಅದು ರೂಬಿ. ಸಣ್ಣ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಸಂದಿಯಿಂದ ಗಾಳಿ ಆಡಿ ಜೇನಿನ ಬಣ್ಣ ಬರುತ್ತದೆ, ಒಣಹಣ್ಣಿನ ರುಚಿ ಬರುತ್ತದೆ, ಅದು ಟಾನಿ. ಬಾಟ್ಲಿಯ ಮೇಲೆ 10, 20, 30, 40 ವರ್ಷ ಅಂತ ಬರೆದದ್ದು ಟಾನಿಗೆ. ತುಂಬಾ ಒಳ್ಳೆಯ ಬೆಳೆ ಬಂದ ವರ್ಷದ್ದನ್ನು ಮಾತ್ರ ಎರಡು ಮೂರು ವರ್ಷದೊಳಗೆ ಬಾಟ್ಲಿಗೆ ಹಾಕಿ, ಅದರಲ್ಲಿಯೇ ಹಣ್ಣಾಗಲು ಬಿಟ್ಟರೆ ವಿಂಟೇಜ್.

ಸ್ಪೇನಿನ ಶೆರ್ರಿಯಲ್ಲಿ ಹುಳಿದು ಮುಗಿದ ಮೇಲೆ ಸ್ಪಿರಿಟ್ ಹಾಕುವುದು, ಹಾಗಾಗಿ ಅದು ಮೂಲತಃ ಸಿಹಿ ಅಲ್ಲ. 15 ಪರ್ಸೆಂಟಿಗೆ ನಿಲ್ಲಿಸಿದರೆ ಮೇಲೆ ಯೀಸ್ಟಿನ ಬಿಳಿ ಕೆನೆ ಕಟ್ಟಿ ವೈನನ್ನು ಗಾಳಿಯಿಂದ ಕಾಯುತ್ತದೆ, ಅದು ಫಿನೊ. 17 ದಾಟಿಸಿದರೆ ಕೆನೆ ಬದುಕುವುದಿಲ್ಲ, ವೈನ್ ಕಂದು ಆಗುತ್ತದೆ, ಅದು ಒಲೊರೊಸೊ. ಪೀಪಾಯಿಗಳನ್ನು ಸಾಲು ಸಾಲಾಗಿ ಇಟ್ಟು, ತೀರಾ ಹಳೆಯ ಸಾಲಿನಿಂದ ಸ್ವಲ್ಪ ತೆಗೆದು, ಅಲ್ಲಿಗೆ ಅದಕ್ಕಿಂತ ಎಳೆಯ ಸಾಲಿನಿಂದ ತುಂಬಿಸುತ್ತಾರೆ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾಗುವ ಹಾಗೆ, ಹಳೆಯದು ಪೂರ್ತಿ ಮುಗಿಯುವುದೇ ಇಲ್ಲ.

ಮದೀರಾ ದ್ವೀಪದ ಕತೆ ನಮ್ಮ ಕಡಲಿಗೂ ತಾಗಿದ್ದು. ಭಾರತಕ್ಕೆ ಬರುವ ಹಡಗುಗಳು ಅಲ್ಲಿ ನಿಂತು ವೈನ್ ತುಂಬಿಸಿಕೊಳ್ಳುತ್ತಿದ್ದವು. ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಸೆಕೆಗೆ ಬೆಂದ ವೈನ್ ಹಾಳಾಗುವ ಬದಲು ರುಚಿ ಆಯಿತು. ಮತ್ತೆ ರುಚಿಗೆ ಅಂತಲೇ ಪೀಪಾಯಿಗಳನ್ನು ಹೋಗಿ ಬರುವ ಪ್ರಯಾಣಕ್ಕೆ ಕಳಿಸುತ್ತಿದ್ದರು. ಈಗ ಸಾಧಾರಣ ಮಾಲನ್ನು 45ರಿಂದ 50 ಡಿಗ್ರಿ ಬಿಸಿಯಲ್ಲಿ ಕನಿಷ್ಠ 3 ತಿಂಗಳು ಇಡುತ್ತಾರೆ. ಒಳ್ಳೆಯ ಮಾಲು ಮಾಡಿನ ಕೆಳಗಿನ ಬಿಸಿ ಅಟ್ಟದಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಹಾಗಾದರೆ ಅಕ್ಕ ತಂದ ಬಾಟ್ಲಿ ಯಾವುದು? ಡೌರೊದ್ದಂತೂ ಅಲ್ಲ. ನಮ್ಮ ದೇಶದಲ್ಲಿ ಪೋರ್ಟ್ ಅಂತ ಮಾರುವ ಸಿಹಿ ವೈನಿಗೆ ಹೆಚ್ಚಾಗಿ ಬಳಕೆಯಾಗುವ ಹಣ್ಣುಗಳಲ್ಲಿ ಬೆಂಗಳೂರು ಬ್ಲೂ ಒಂದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಆ ಕಪ್ಪು ದ್ರಾಕ್ಷಿಗೆ ಜಿಐ ಕೂಡ ಸಿಕ್ಕಿದೆ. ನಮ್ಮ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ, ವೈನಿಗೆ ಅಂತ ಒಂದು ನೀತಿಯನ್ನೂ ತಂದಿತು. ಆದರೆ ಬಾಟ್ಲಿಯ ಮುಂದೆ ದೊಡ್ಡದಾಗಿ ಇರುವುದು ದೂರದ ಬಂದರಿನ ಹೆಸರು. ದ್ರಾಕ್ಷಿ ಬೆಳೆದ ಹಳ್ಳಿಯ ಹೆಸರು ಎಲ್ಲಿಯೂ ಇಲ್ಲ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರು ಯುರೋಪಿನ ಜೊತೆ ಒಪ್ಪಂದ ಮಾಡಿ ಪೋರ್ಟ್ ಅನ್ನುವ ಹೆಸರನ್ನು ಬಿಟ್ಟು ತಮ್ಮದೇ ಹೆಸರು ಹಾಕಿಕೊಂಡರು.

ಕುಡಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಅದು ಗಟಗಟ ಕುಡಿಯುವಂಥದ್ದಲ್ಲ. ಊಟ ಆದ ಮೇಲೆ ಸಣ್ಣ ಗ್ಲಾಸಿನಲ್ಲಿ 60 ಎಂಎಲ್, ಸ್ವಲ್ಪ ತಂಪು ಮಾಡಿ, ಚೀಸ್ ಅಥವಾ ಬೀಜಗಳ ಜೊತೆ. ಟಾನಿಗೆ ಹುರಿದ ಗೇರುಬೀಜ ಹೊಂದುತ್ತದೆ. ತೆರೆದ ಮೇಲೆ ರೂಬಿ ಕೆಲವು ವಾರ, ಟಾನಿ ಒಂದೆರಡು ತಿಂಗಳು ಇರುತ್ತದೆ. ಹಳೆಯ ವಿಂಟೇಜ್ ಮತ್ತು ಫಿನೊ ಬೇಗ ಮುಗಿಸಬೇಕು. ಮದೀರಾ ಮೊದಲೇ ಬೆಂದು ಬಂದದ್ದು, ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಲೆಕ್ಕ ಮಾತ್ರ ನೆನಪಿರಲಿ. 20 ಪರ್ಸೆಂಟಿನ 60 ಎಂಎಲ್ ಅಂದರೆ 5 ಪರ್ಸೆಂಟಿನ ಬಿಯರ್ 240 ಎಂಎಲ್ ಕುಡಿದ ಹಾಗೆ. ಸಿಹಿ ಇದ್ದದ್ದರಿಂದ ಏರಿದ್ದು ಗೊತ್ತಾಗುವುದಿಲ್ಲ.

ಬಾಣಂತಿಯ ವಿಷಯಕ್ಕೆ ಬರುತ್ತೇನೆ. ತಾಯಿ ಕುಡಿದ ಆಲ್ಕೋಹಾಲ್ ಎದೆಹಾಲಿಗೆ ಬರುತ್ತದೆ. ಬಣ್ಣ ಕೆಂಪು ಅಂತ ರಕ್ತ ಆಗುವುದಿಲ್ಲ. ರಕ್ತ ಕಡಿಮೆ ಇದ್ದರೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಊಟದಲ್ಲಿ ಸೊಪ್ಪು, ಹುರುಳಿ, ಮೀನು ಉಂಟು. ಹಿರಿಯರು ಪ್ರೀತಿಯಿಂದಲೇ ಕೊಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಮ್ಮ ಮನೆಯಲ್ಲಿ ಕೊಡುವುದು ಬೇಡ ಅಂತ ತೀರ್ಮಾನ ಆಯಿತು.

ಇಷ್ಟೆಲ್ಲ ಓದಿದ ಮೇಲೆ ಗುಡ್ಡೆಗೆ ಹೋದರೆ ಕಣ್ಣಿಗೆ ಬಿದ್ದದ್ದು ನಮ್ಮದೇ ಹಣ್ಣು. ನನ್ನ 40 ಗೇರುಮರದ ಬುಡದಲ್ಲಿ ಈಗ ಹಣ್ಣು ಹಾಸಿ ಬಿದ್ದಿದೆ. ಬೀಜ ತಿರುಚಿ ತೆಗೆದು ಹಣ್ಣು ಅಲ್ಲಿಯೇ ಬಿಸಾಡುವುದು. ಹಣ್ಣಿನ ತೂಕ ಬೀಜದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಬ್ರೆಜಿಲಿನಿಂದ ಈ ಮರ ತಂದವರೂ ಅದೇ ಪೋರ್ಚುಗೀಸರು. ಗುಡ್ಡೆಯ ಮೇಲೆ ನಿಂತರೆ ಪಣಂಬೂರಿನ ಕ್ರೇನ್ ಕಾಣುತ್ತದೆ. ಕಾರ್ಖಾನೆಗಳಿಗೆ ಆಫ್ರಿಕಾದ ಹಸಿ ಗೇರುಬೀಜ ಅದೇ ಬಂದರಿಗೆ ಬಂದು ಇಳಿಯುತ್ತದೆ. ನಮ್ಮ ಹಣ್ಣು ಒಂದು ದಿನದಲ್ಲಿ ಹುಳಿದು ನೊಣ ಕೂರುತ್ತದೆ. ಗೋವಾದವರು ಅದೇ ರಸ ಹುಳಿಸಿ, ಮೊದಲ ಭಟ್ಟಿಗೆ ಉರ್ರಾಕ್, ಮತ್ತೆ ಇಳಿಸಿದ್ದಕ್ಕೆ ಫೆನಿ ಅಂತ ಹೆಸರಿಟ್ಟು, 2009ರಲ್ಲಿ ಜಿಐ ಮಾಡಿಸಿಕೊಂಡರು.

ಮನೆಯಲ್ಲಿ ಭಟ್ಟಿ ಇಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಅಪರಾಧ. ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈಯಿಂದ ಬಂದ್. ಕುಡಿತದಿಂದ ಹಾಳಾದ ಮನೆಗಳನ್ನು ನಾವೆಲ್ಲ ಕಂಡವರು. ಆದರೆ ಗೇರುಹಣ್ಣಿನ ಜ್ಯೂಸ್, ಸಿರಪ್, ಜಾಮ್, ವಿನೆಗರ್ ಮಾಡಲಿಕ್ಕೆ ಅಮಲು ಬೇಡ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇಲ್ಲಿಂದ ಒಂದು ಬಸ್ಸಿನ ದಾರಿ. ಡೌರೊದವರಿಗೆ ಹಣ್ಣಿನಷ್ಟೇ ಉಪಕಾರ ಮಾಡಿದ್ದು ಆ ಗಡಿಕಲ್ಲು. ಎಲ್ಲರೂ ಒಂದೇ ನಿಯಮಕ್ಕೆ ನಿಂತರು. ನಾವು ಹತ್ತು ಮನೆಯವರು ಒಂದೇ ದಿನ, ಒಂದೇ ಹದದ ಹಣ್ಣು, ನೆಲಕ್ಕೆ ಬಿದ್ದದ್ದನ್ನು ಸೇರಿಸದೆ ಕೊಡುತ್ತೇವೆ ಅಂತ ಮಾತಿಗೆ ನಿಂತರೆ ಪುತ್ತೂರಿಗೆ ಹೋಗಿ ಕೇಳಲಿಕ್ಕೆ ಒಂದು ದಾರಿ ಆಗುತ್ತದೆ. ಬರುವ ಸೋಮವಾರ ನಾನು ಹೋಗುವವ. ಯಾರಾದರೂ ಬರುವುದಿದ್ದರೆ ಫೋನ್ ಮಾಡಿ.

ಬಾಟ್ಲಿ ಏನಾಯಿತು ಅಂತ ಕೇಳುವವರಿಗೆ: ಮಗಳೇ ಅದನ್ನು ಅಕ್ಕನ ಚೀಲಕ್ಕೆ ವಾಪಸು ಹಾಕಿ, "ಅತ್ತೆ, ನಿಮಗೆ ಅರವತ್ತೈದು ಆಯಿತಲ್ಲ, ನೀವೇ ಊಟ ಆದ ಮೇಲೆ ಸ್ವಲ್ಪ ಸ್ವಲ್ಪ ತೆಗೊಳ್ಳಿ" ಅಂದಳು. ಅಕ್ಕ ಮುಖ ಊದಿಸಿಕೊಂಡೇ ಹೊರಟಳು. ನಿನ್ನೆ ಅವಳದ್ದೇ ಫೋನ್. "ಆ ವೈನಿಗೆ ಗೇರುಬೀಜ ಒಳ್ಳೆಯದಾಗ್ತದೆ ಅಂದಿಯಲ್ಲ, ಒಂದು ಸೇರು ಕಳಿಸು" ಅಂತ.