ಮಿಲ್ಲರ್ ಸಾಹೇಬರ ಎಚ್.ಆರ್. ಆಡಿಟ್

ಹೊಟ್ಟೆಪಾಡಿಗೆ ನಾನು ಮಾಡುವುದು ಎಚ್.ಆರ್. ಕೆಲಸ. ವರ್ಷಕ್ಕೊಮ್ಮೆ ಆಡಿಟ್ ಇರುತ್ತದೆ. ಯಾವ ಗ್ರೇಡಿನಲ್ಲಿ ಎಷ್ಟು ಜನ, ಹೆಂಗಸರೆಷ್ಟು, ಪ್ರಮೋಷನ್ ಯಾರಿಗೆ ಸಿಕ್ಕಿತು, ಯಾಕೆ ಸಿಕ್ಕಿತು ಅಂತ ಫೈಲಿನಲ್ಲಿ ಬರೆದಿದ್ದಾರೋ ಇಲ್ಲವೋ... ಇದೆಲ್ಲ ಅಮೆರಿಕದಿಂದ ಬಂದ ವಿದ್ಯೆ ಅಂತ ನಮ್ಮ ಆಫೀಸಿನವರು ನಂಬಿದ್ದಾರೆ. ಹೆಸರೇನೋ ಅಲ್ಲಿಂದಲೇ ಬಂದಿರಬಹುದು. ಆದರೆ ಒಂದು ಇಡೀ ಸರ್ಕಾರದ ನೌಕರರನ್ನು ಲೆಕ್ಕ ಹಾಕಿ "ಇದು ಯಾಕೆ ಹೀಗಿದೆ?" ಎಂದು ಕೇಳಿದ್ದು ನಮ್ಮ ಮೈಸೂರು ಸಂಸ್ಥಾನದಲ್ಲೇ ನಡೆದಿದೆ, ಅದೂ 1918ರಲ್ಲಿ!

ಸ್ವಲ್ಪ ಹಿಂದಕ್ಕೆ ಹೋಗೋಣ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಪರೀಕ್ಷೆ ಬರೆ, ಪಾಸಾಗು, ಕೆಲಸಕ್ಕೆ ಸೇರು. ಕಾಗದದ ಮೇಲೆ ತಕರಾರಿಗೆ ಜಾಗವೇ ಇಲ್ಲ. ಆಗಿನ ದೊಡ್ಡ ಜಗಳವೆಂದರೆ ಮದರಾಸಿನಿಂದ ಬಂದ ಅಧಿಕಾರಿಗಳು ಮತ್ತು ಮೈಸೂರಿನವರ ನಡುವಿನದು. ತಮಾಷೆಯೆಂದರೆ ಎರಡೂ ಕಡೆ ಇದ್ದವರು ಹೆಚ್ಚುಕಡಿಮೆ ಬ್ರಾಹ್ಮಣರೇ. ಉಳಿದವರು ಆ ಜಗಳದಲ್ಲೂ ಇರಲಿಲ್ಲ, ಕಚೇರಿಯಲ್ಲೂ ಅಷ್ಟಾಗಿ ಇರಲಿಲ್ಲ. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕನ್ನೂ ಮುಟ್ಟದ ಒಂದು ಸಮುದಾಯದ ಕೈಯಲ್ಲಿ ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಇದ್ದವು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. ಮರುವರ್ಷ ಅವರು ನೇರ ಮಹಾರಾಜರಿಗೇ ಮನವಿ ಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಇದು ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಹಿಡಿಸಲಿಲ್ಲ.

ಇಲ್ಲಿ ನನಗೆ ಕುತೂಹಲ ಹುಟ್ಟಿಸುವ ವಿಷಯ ಒಂದಿದೆ. ಸರ್ ಎಂ.ವಿ. ಆಡಿಟ್ಟಿನ ವಿರೋಧಿಯೇನಲ್ಲ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡಲು 'ಎಫಿಷಿಯೆನ್ಸಿ ಆಡಿಟ್' ಎಂಬ ವ್ಯವಸ್ಥೆಯನ್ನು ತಂದವರೇ ಅವರು. ಕೆಲಸ ಹೇಗೆ ನಡೆಯುತ್ತಿದೆ ಎಂದು ಅಳೆಯಲು ಅವರು ಸದಾ ಸಿದ್ಧ. ಕುರ್ಚಿಯಲ್ಲಿ ಯಾವ ಜಾತಿಯವರು ಕೂತಿದ್ದಾರೆ ಎಂದು ಎಣಿಸುವುದು ಮಾತ್ರ ಬೇಡ, ವಿದ್ಯಾಭ್ಯಾಸ ಹರಡಿದರೆ ಅದು ತಾನಾಗಿ ಸರಿಹೋಗುತ್ತದೆ ಎಂಬುದು ಅವರ ವಾದ. 1918 ಮುಗಿಯುವ ಹೊತ್ತಿಗೆ ಅವರು ದಿವಾನಗಿರಿ ಬಿಟ್ಟರು. ಇದನ್ನು ಇಟ್ಟುಕೊಂಡು ಅವರನ್ನು ಹೊಗಳುವವರೂ ಇದ್ದಾರೆ, ಬಯ್ಯುವವರೂ ಇದ್ದಾರೆ. ನನಗನ್ನಿಸುವುದು ಇಷ್ಟು: ಅವರ ವಾದ ಪ್ರಾಮಾಣಿಕವಾದದ್ದೇ. ಆದರೆ 'ತಾನಾಗಿ' ಎನ್ನುವುದಕ್ಕೆ ಎಷ್ಟು ವರ್ಷ ಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಸಮಿತಿಯೊಳಗೇ ಒಮ್ಮತವಿರಲಿಲ್ಲ. ಬಹುಮತದ ಶಿಫಾರಸು ಹೀಗಿತ್ತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು. ಜೊತೆಗೆ ವಿದ್ಯಾರ್ಥಿವೇತನ, ಹಾಸ್ಟೆಲ್ಲುಗಳ ಮಾತೂ ಇತ್ತು. ಗುರಿ ಇದೆ, ಗಡುವು ಇದೆ. ಇವತ್ತಿನ ಎಷ್ಟೋ ಆಡಿಟ್ ವರದಿಗಳಲ್ಲಿ ಎರಡೂ ಇರುವುದಿಲ್ಲ ಬಿಡಿ :)

ಆದರೆ ವರದಿಯ ಜೀವಾಳ ಅದಲ್ಲ, 'ದಕ್ಷತೆ' ಎಂಬ ಪದದ ಬಗ್ಗೆ ಅದು ಹೇಳಿದ ಮಾತು. ಯಾವ ಕಂಪನಿಗೆ ಆಡಿಟ್‌ಗೆ ಹೋದರೂ ಮ್ಯಾನೇಜರು ಹೇಳುವ ಮೊದಲ ಮಾತು "ನಾವು ಮೆರಿಟ್ ನೋಡಿಯೇ ತಗೊಂಡಿದೀವಿ ಸಾರ್" ಅಂತ. ಮಿಲ್ಲರ್ ಅವರಿಗೂ ಇದೇ ಉತ್ತರ ಎದುರಾಗಿತ್ತು. ಪರೀಕ್ಷೆಯ ಅಂಕವೊಂದೇ ದಕ್ಷತೆಯಲ್ಲ, ಆಡಳಿತದ ಎಷ್ಟೋ ಶಾಖೆಗಳಲ್ಲಿ ಜನರ ಬಗ್ಗೆ ಅನುಕಂಪ, ಪ್ರಾಮಾಣಿಕತೆ, ಹುರುಪು, ಸಾಮಾನ್ಯ ಜ್ಞಾನ ಇವೂ ಓದಿನಷ್ಟೇ ಮುಖ್ಯ ಎಂದು ಸಮಿತಿ ಬರೆಯಿತು. ನೂರು ವರ್ಷದ ಹಿಂದಿನ ಮಾತು ಇದು! ಇವತ್ತು ಇದನ್ನೇ 'ಸಾಫ್ಟ್ ಸ್ಕಿಲ್ಸ್' ಅಂತ ಎರಡು ದಿನದ ವರ್ಕ್‌ಶಾಪ್ ಮಾಡಿ ಮಾರುತ್ತಾರೆ.

ಕಾಂತರಾಜ ಅರಸರು ದಿವಾನರಾಗಿದ್ದಾಗ, 1921ರಲ್ಲಿ, ಸರ್ಕಾರ ಇದನ್ನು ಒಪ್ಪಿ ಆದೇಶ ಹೊರಡಿಸಿತು.

ಎಣಿಕೆಯಲ್ಲಿ ಒಂದು ದೊಡ್ಡ ತೂತು ಮಾತ್ರ ಉಳಿದುಹೋಯಿತು. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರನ್ನೂ 'ಹಿಂದುಳಿದವರು' ಎಂಬ ಒಂದೇ ಮೂಟೆಗೆ ಕಟ್ಟಿದ್ದರು. ಊರಿನ ಪಟೇಲನೂ ಅದೇ ಮೂಟೆಯಲ್ಲಿ, ಅವನ ಹೊಲದಲ್ಲಿ ಜೀತಕ್ಕಿದ್ದವನೂ ಅದೇ ಮೂಟೆಯಲ್ಲಿ. ಮೂಟೆ ಬಿಚ್ಚಿದಾಗ ಮೇಲಿದ್ದವರಿಗೆ ಮೊದಲು ಸಿಕ್ಕಿತು. ಒಕ್ಕಲಿಗರು, ಲಿಂಗಾಯತರು ಮುಂದೆ ಬಂದರು, ಅಸ್ಪೃಶ್ಯರೆನಿಸಿಕೊಂಡವರಿಗೂ ಸಣ್ಣಪುಟ್ಟ ಜಾತಿಗಳಿಗೂ ಬಂದದ್ದು ಅಲ್ಪ. ಮೂಟೆಯನ್ನು ಬಿಚ್ಚಿ ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿ ನೋಡಿದ್ದು ಬಹಳ ತಡವಾಗಿ. ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಾವನೂರು ಆಯೋಗ ಎಸ್ಸೆಸ್ಸೆಲ್ಸಿ ಪಾಸಾದವರ ಸಂಖ್ಯೆಯನ್ನೂ ಜಾತಿವಾರು ನೋಡಿ 1975ರಲ್ಲಿ ವರದಿ ಕೊಟ್ಟಿತು. ಮಿಲ್ಲರ್ ಲೆಕ್ಕದಲ್ಲಿ ಹಿಂದುಳಿದವರಾಗಿದ್ದ ಲಿಂಗಾಯತರು ಹಾವನೂರರ ಪಟ್ಟಿಯಲ್ಲಿ ಇರಲಿಲ್ಲ. ಆ ಗಲಾಟೆಯ ಕತೆ ಇನ್ನೊಂದು ದಿನ ಬರೆಯುತ್ತೇನೆ.