ದೀಪದ ಬುಡದ ಕತ್ತಲೆ: ಹಳೆಯ ಸ್ಪೋರ್ಟ್ಸ್ ಕಾರುಗಳ ಹೆಡ್‌ಲೈಟಿನ ಕಥೆ

ಹೊರನಾಡಿನಲ್ಲಿ ನೆಲೆಸಿದ ನಮಗೆಲ್ಲ ರಾತ್ರಿಯ ಪ್ರಯಾಣ ಹೊಸದೇನಲ್ಲ. ಬೇಸಿಗೆ ರಜೆಗೆಂದು, ಮದುವೆ ಮುಂಜಿಗೆಂದು ಊರಿಗೆ ಹೊರಟವರು ಘಟ್ಟದ ತಿರುವಿನಲ್ಲಿ ಎದುರು ಬರುವ ಲಾರಿಯ ಬೆಳಕು ಕಣ್ಣಿಗೆ ರಾಚಿದಾಗ ಒಂದು ಕ್ಷಣ ಉಸಿರು ಬಿಗಿಹಿಡಿದು ಕುಳಿತದ್ದುಂಟು. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಸುವ, ಇಲ್ಲವೆ ಗಾಜಿನ ನಡುವೆ ಕಪ್ಪು ಬೊಟ್ಟಿಡುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ಇದ್ದುದನ್ನು ಹಿರಿಯ ವಾಚಕರು ಬಲ್ಲರು. 1965 ಮತ್ತು 1971ರ ಯುದ್ಧಗಳ ದಿನಗಳಲ್ಲಂತೂ ಮುಂಬಯಿ, ದೆಹಲಿಗಳಲ್ಲಿ ಇರುಳಾದರೆ ಬೀದಿದೀಪವೂ ಇಲ್ಲ, ಕಾರಿನ ಕಣ್ಣಿಗೂ ಮುಸುಕು.

ವಾಹನದ ದೀಪಕ್ಕೆ ಎರಡು ಧರ್ಮಗಳು. ನಡೆಸುವವನಿಗೆ ದಾರಿ ಕಾಣಬೇಕು. ಎದುರು ಬರುವವನ ಕಣ್ಣು ಕುರುಡಾಗಬಾರದು. ಈ ಎರಡನ್ನೂ ಒಂದೇ ಗಾಜಿನ ಹಿಂದೆ ಹೊಂದಿಸಲು ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ತಿಕ್ಕಾಟ ಎಲ್ಲಕ್ಕಿಂತ ತೀವ್ರವಾಗಿ ಕಾಣಿಸಿಕೊಂಡದ್ದು ಸ್ಪೋರ್ಟ್ಸ್ ಕಾರುಗಳಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಬೆಳಕು ಮುಟ್ಟುವ ದೂರಕ್ಕಿಂತ ಗಾಡಿ ನಿಲ್ಲಲು ಬೇಕಾದ ದೂರ ಹೆಚ್ಚಾಯಿತೆಂದರೆ ಚಾಲಕ ಕತ್ತಲೆಯೊಳಗೇ ಓಡುತ್ತಿದ್ದಾನೆ ಎಂದೇ ಅರ್ಥ.

ಕಾರ್ಬೈಡಿನಿಂದ ವಿದ್ಯುತ್ತಿಗೆ

ಮೊದಲ ಕಾರುಗಳಿಗೆ ಕುದುರೆಗಾಡಿಯ ದೀಪಗಳೇ ಗತಿಯಾಗಿದ್ದವು. ಆಮೇಲೆ ಬಂದದ್ದು ಅಸಿಟಲೀನ್ ದೀಪ. ಡಬ್ಬಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಹರಳು, ಅದರ ಮೇಲೆ ತೊಟ್ಟಿಕ್ಕುವ ನೀರು, ಹುಟ್ಟಿದ ಅನಿಲವನ್ನು ಕೊಳವೆಯ ಮೂಲಕ ದೀಪಕ್ಕೆ ಒಯ್ದು ಕಡ್ಡಿ ಗೀರಿ ಹೊತ್ತಿಸುವುದು. ಬೆಳಕು ಬೆಳ್ಳಗೆ, ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಪ್ರಯಾಣದ ನಂತರ ಡಬ್ಬಿಯ ಸುಣ್ಣದ ಕೆಸರನ್ನು ತೊಳೆಯಬೇಕಾಗಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಆ ವರ್ಷ ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಸಿರಿವಂತರ ಕಾರುಗಳು ಇನ್ನೂ ಬಹುಮಟ್ಟಿಗೆ ಅನಿಲದ ದೀಪವನ್ನೇ ಹೊತ್ತು ತಿರುಗುತ್ತಿದ್ದವೆಂದರೆ ನಮಗೆ ತುಸು ಹೆಮ್ಮೆಯೆನಿಸೀತು.

1912ರ ಮಾದರಿಯ ಕ್ಯಾಡಿಲ್ಯಾಕ್ ಕಾರು ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುತ್ ದೀಪಗಳನ್ನು ಒಟ್ಟಿಗೆ ತಂದಿತು. ಮರುವರ್ಷ ಜರ್ಮನಿಯ ಬಾಷ್ ಸಂಸ್ಥೆ ಹೆಡ್‌ಲೈಟು, ಡೈನಮೋ, ರೆಗ್ಯುಲೇಟರುಗಳನ್ನು ಕೂಡಿಸಿದ ಪೂರ್ಣ ವ್ಯವಸ್ಥೆಯನ್ನೇ ಮಾರಾಟಕ್ಕಿಟ್ಟಿತು. ಬ್ರಿಟನ್ನಿನಲ್ಲಿ ಈ ಕ್ಷೇತ್ರದ ದೊರೆಯಾದದ್ದು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್. ಅದರ ಮೂಲಪುರುಷ ಜೋಸೆಫ್ ಲ್ಯೂಕಸ್ ತಳ್ಳುಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದವನು. 1870ರ ದಶಕದಲ್ಲಿ ಹಡಗಿನ ಲಾಂದ್ರ, ಸೈಕಲ್ಲಿನ ದೀಪ ಮಾಡಿ ಮುಂದೆ ಬಂದ. ಅವನ ಸೈಕಲ್ ದೀಪದ ಹೆಸರು ‘ಕಿಂಗ್ ಆಫ್ ದಿ ರೋಡ್’, ರಸ್ತೆಯ ರಾಜ. ಮುಂದೆ ಇದೇ ಲ್ಯೂಕಸ್ ಸಾಮಾನುಗಳು ಕೈಕೊಟ್ಟಾಗ ಇಂಗ್ಲೆಂಡಿನ ಕಾರುಪ್ರಿಯರು ಆ ಸಂಸ್ಥೆಗೆ ‘ಕತ್ತಲೆಯ ರಾಜಕುಮಾರ’ ಎಂಬ ಇನ್ನೊಂದು ಬಿರುದು ಕೊಟ್ಟರು! ಅದೇ ಲ್ಯೂಕಸ್ ಟಿ.ವಿ.ಎಸ್. ಬಳಗದೊಡನೆ ಸೇರಿ 1961ರಲ್ಲಿ ಹುಟ್ಟಿದ ಸಂಸ್ಥೆ ಮದರಾಸಿನ ಪಾಡಿಯಲ್ಲಿ ನೆಲೆಯೂರಿದ್ದು ಚೆನ್ನೈ ಕನ್ನಡಿಗರಿಗೆ ತಿಳಿದ ವಿಷಯ.

ಬೆಳಕನ್ನು ತಗ್ಗಿಸುವುದು, ಅಂದರೆ ‘ಡಿಪ್’ ಮಾಡುವುದು, ಬೇರೆಯೇ ಒಂದು ಪರ್ವ. 1930ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಸ್ವಿಚ್ ಒತ್ತಿದರೆ ಒಂದು ಕಡೆಯ ದೀಪ ಪೂರ್ತಿ ಆರಿ, ಇನ್ನೊಂದು ಕಡೆಯ ರಿಫ್ಲೆಕ್ಟರ್ ವಿದ್ಯುತ್ಕಾಂತದ ಬಲದಿಂದ ಕೆಳಕ್ಕೆ ಬಾಗುತ್ತಿತ್ತು. ಒಕ್ಕಣ್ಣಿನ ನಡೆ! ಒಂದೇ ಬಲ್ಬಿನಲ್ಲಿ ಎರಡು ತಂತುಗಳಿರುವ ಉಪಾಯ ಎಲ್ಲೆಡೆ ಹರಡಿದ ಮೇಲೆ ಈ ಕಷ್ಟ ತಪ್ಪಿತು. ಅಮೆರಿಕೆಯಲ್ಲಿ 1940ರ ಮಾದರಿಗಳಿಂದ ಏಳು ಅಂಗುಲದ ‘ಸೀಲ್ಡ್ ಬೀಮ್’ ದೀಪವೇ ಕಡ್ಡಾಯವಾಯಿತು. ಗಾಜು, ರಿಫ್ಲೆಕ್ಟರ್, ತಂತು ಎಲ್ಲವೂ ಒಂದೇ ಗಡ್ಡೆ. ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕು. ಫ್ರಾನ್ಸ್ ಮಾತ್ರ ತನ್ನದೇ ಹಾದಿ ಹಿಡಿದು, 1930ರ ದಶಕದ ಉತ್ತರಾರ್ಧದಿಂದ 1993ರವರೆಗೆ ಹಳದಿ ಬೆಳಕನ್ನೇ ಪಟ್ಟುಹಿಡಿದು ಉಳಿಸಿಕೊಂಡಿತ್ತು.

ಚೆಲುವಿಗೆ ತೆತ್ತ ಬೆಲೆ

ಎರಡನೆಯ ಮಹಾಯುದ್ಧದ ನಂತರ ಸ್ಪೋರ್ಟ್ಸ್ ಕಾರುಗಳ ಮೂಗು ತಗ್ಗುತ್ತ ಬಂದಿತು. ಗಾಳಿಯನ್ನು ಸೀಳಿಕೊಂಡು ಹೋಗಲು ಅದು ಅಗತ್ಯ. ಆದರೆ ದೀಪ ಇಷ್ಟು ಎತ್ತರದಲ್ಲಿ ಇರಲೇಬೇಕೆಂದು ಕಾನೂನು ಹೇಳುತ್ತದಷ್ಟೆ? ಇಲ್ಲಿ ಶುರುವಾಯಿತು ಶಿಲ್ಪಿಗೂ ನಿಯಮಕ್ಕೂ ಜಗಳ. 1961ರಲ್ಲಿ ಜಿನೀವಾದಲ್ಲಿ ಲೋಕಕ್ಕೆ ಮುಖ ತೋರಿಸಿದ ಜಾಗ್ವಾರ್ ಇ-ಟೈಪ್ ತನ್ನ ಹೆಡ್‌ಲೈಟುಗಳನ್ನು ಓರೆಯಾದ ಗಾಜಿನ ಮುಚ್ಚಳದ ಹಿಂದೆ ಇಟ್ಟುಕೊಂಡಿತ್ತು. ನೋಡಲು ಅದರಷ್ಟು ಸೊಗಸಿಲ್ಲ. ಅಮೆರಿಕೆಯ ನಿಯಮಗಳು ಒಪ್ಪದೆ 1967ರಲ್ಲಿ ಆ ಗಾಜನ್ನು ತೆಗೆಯಬೇಕಾಯಿತು. ಇಂದಿಗೂ ಮುಚ್ಚಳವಿರುವ ಇ-ಟೈಪಿಗೆ ಸಂಗ್ರಾಹಕರಲ್ಲಿ ಮಾನ ಹೆಚ್ಚು.

1962ರ ಲೋಟಸ್ ಎಲಾನ್ ಇನ್ನೊಂದು ದಾರಿ ಹಿಡಿಯಿತು. ಹಗಲಿನಲ್ಲಿ ದೀಪ ಮೂಗಿನೊಳಗೆ ಮಲಗಿರುತ್ತದೆ, ಇರುಳಿನಲ್ಲಿ ಕಪ್ಪೆಯ ಕಣ್ಣಿನಂತೆ ಮೇಲೇಳುತ್ತದೆ. 1935ರ ಕೊನೆಯಲ್ಲಿ ಬೆಳಕಿಗೆ ಬಂದ ಅಮೆರಿಕೆಯ ಕಾರ್ಡ್ 810ರಲ್ಲಿ ಇಂಥ ದೀಪವನ್ನು ಕೈಯಿಂದ ಹಿಡಿ ತಿರುಗಿಸಿ ಎಬ್ಬಿಸಬೇಕಿತ್ತು. ಎಲಾನಿನಲ್ಲಿ ಆ ಕೆಲಸವನ್ನು ಎಂಜಿನ್ನು ಗಾಳಿ ಹೀರುವಾಗ ಹುಟ್ಟುವ ನಿರ್ವಾತವೇ ಮಾಡುತ್ತಿತ್ತು. ಯುಕ್ತಿ ಚೆನ್ನ, ತೊಡಕೂ ಅಲ್ಲಿಯೇ. ರಬ್ಬರ್ ಕೊಳವೆ ಹಳತಾಗಿ ಬಿರುಕುಬಿಟ್ಟರೆ ನಿರ್ವಾತ ಸೋರುತ್ತದೆ. ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ನಿನ ನಿರ್ವಾತವೂ ಕುಗ್ಗುತ್ತದೆ. ಬೆಳಕು ಬೇಕೇ ಬೇಕಾದ ಹೊತ್ತಿನಲ್ಲಿ ದೀಪಗಳು ತೂಕಡಿಸುವವನ ರೆಪ್ಪೆಯಂತೆ ಮೆಲ್ಲನೆ ಕೆಳಗಿಳಿಯುತ್ತಿದ್ದವು! ಮುಂದಿನ ಮಾದರಿಗಳಲ್ಲಿ ಇದನ್ನು ತಲೆಕೆಳಗು ಮಾಡಿದರು. ನಿರ್ವಾತ ದೀಪವನ್ನು ಕೆಳಗೆ ಹಿಡಿದಿಡುತ್ತದೆ, ಸ್ಪ್ರಿಂಗ್ ಮೇಲೆತ್ತುತ್ತದೆ. ಕೆಟ್ಟರೂ ದೀಪ ಎದ್ದೇ ನಿಲ್ಲುತ್ತದೆ. ಕೆಡುವುದನ್ನು ಪೂರ್ತಿ ತಪ್ಪಿಸಲಾಗದಿದ್ದರೆ ಕೇಡಿಲ್ಲದ ಕಡೆಗೆ ಕೆಡುವಂತೆ ಮಾಡಬೇಕೆಂಬ ಈ ವಿವೇಕ ದೀಪಕ್ಕೆ ಮಾತ್ರ ಸೀಮಿತವಾದುದಲ್ಲ.

ಗೆದ್ದವರು ಸೋತ ಕಥೆ

ದೀಪದ ಮಾರ್ಪಾಡಿನ ಇತಿಹಾಸದಲ್ಲಿ ಮರೆಯಲಾಗದ ಘಟನೆ ನಡೆದದ್ದು 1966ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಸ್ಪರ್ಧಾ ವಿಭಾಗವಿದ್ದದ್ದು ಆಬಿಂಗ್ಡನ್ನಿನ ಎಂ.ಜಿ. ಕಾರ್ಖಾನೆಯಲ್ಲಿ. ಅಲ್ಲಿ ಸಜ್ಜಾದ ಪುಟ್ಟ ಮಿನಿ ಕೂಪರ್ ಕಾರುಗಳು 1964ರಲ್ಲೂ 1965ರಲ್ಲೂ ಆ ರ‍್ಯಾಲಿಯನ್ನು ಗೆದ್ದಿದ್ದವು. 1966ರಲ್ಲಿ ಮಾಕಿನೆನ್, ಆಲ್ಟೊನೆನ್, ಹಾಪ್‌ಕರ್ಕ್ ಎಂಬ ಮೂವರು ಮೊದಲ ಮೂರು ಸ್ಥಾನಗಳನ್ನೂ ಹಿಡಿದರು. ಆಲ್ಪ್ಸ್ ಪರ್ವತದ ಮಂಜಿನ ತಿರುವುಗಳಲ್ಲಿ ಇರುಳಿಡೀ ಓಡಿ ಪಡೆದ ಗೆಲುವು ಅದು.

ಪರಿಶೀಲಕರು ಕಾರುಗಳನ್ನು ಬಿಚ್ಚಿ ನೋಡಿದರು. ಎಂಜಿನ್ನಿನಲ್ಲಿ ದೋಷ ಸಿಗಲಿಲ್ಲ. ಸಿಕ್ಕಿದ್ದು ಹೆಡ್‌ಲೈಟಿನಲ್ಲಿ. ಆ ಕಾರುಗಳಿಗೆ ಹಾಕಿದ್ದು ಆಗತಾನೆ ಬಂದಿದ್ದ ಅಯೊಡಿನ್ ಬಲ್ಬು, ಅಂದರೆ ಇಂದಿನ ಹ್ಯಾಲೊಜೆನ್. ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತು ಕಾದಂತೆ ಸ್ವಲ್ಪಸ್ವಲ್ಪವೇ ಆವಿಯಾಗಿ ಗಾಜಿಗೆ ಮಸಿಯಂತೆ ಅಂಟುತ್ತದೆ. ಅಯೊಡಿನ್ ಇದ್ದರೆ ಆ ಆವಿ ಅದರೊಡನೆ ಕೂಡಿ ಮರಳಿ ತಂತುವಿಗೇ ಸೇರುತ್ತದೆ. ಹೀಗಾಗಿ ತಂತುವನ್ನು ಇನ್ನಷ್ಟು ಕಾಯಿಸಬಹುದು, ಬೆಳಕು ಹೆಚ್ಚು. ಆದರೆ ಆ ಹೊತ್ತಿಗೆ ಬಳಕೆಯಲ್ಲಿದ್ದ ಇಂಥ ಬಲ್ಬಿಗೆ ಒಂದೇ ತಂತು. ಡಿಪ್ ಮಾಡಲು ಬಾರದು. ಮಿನಿಗಳು ಡಿಪ್ ಮಾಡಬೇಕಾದಾಗ ಹೆಡ್‌ಲೈಟನ್ನು ಆರಿಸಿ ಫಾಗ್ ಲೈಟುಗಳಿಗೆ ಬದಲಿಸುತ್ತಿದ್ದವು. ಅಂಗಡಿಯಲ್ಲಿ ಮಾರುವ ಕಾರಿನಲ್ಲಿ ಆ ಏರ್ಪಾಡು ಇರಲಿಲ್ಲ. ನಿಯಮಭಂಗವೆಂದು ಮೂರೂ ಕಾರುಗಳನ್ನು, ನಾಲ್ಕನೆಯದಾಗಿ ಬಂದ ರೋಜರ್ ಕ್ಲಾರ್ಕನ ಫೋರ್ಡ್ ಕಾರನ್ನೂ ಸ್ಪರ್ಧೆಯಿಂದ ಹೊರಹಾಕಿದರು. ಬಹುಮಾನ ಫ್ರಾನ್ಸಿನ ಸಿಟ್ರಾನ್ ಕಾರು ನಡೆಸಿದ ಟೊಯ್ವೊನೆನ್ ಪಾಲಾಯಿತು. ಬ್ರಿಟನ್ನಿನ ಪತ್ರಿಕೆಗಳು ಕೆಂಡ ಕಾರಿದವು. ಮರುವರ್ಷ ಆಲ್ಟೊನೆನ್ ಮಿನಿಯಲ್ಲೇ ಗೆದ್ದು ಉತ್ತರ ಕೊಟ್ಟ.

ತೀರ್ಪು ನ್ಯಾಯವೋ ಪಕ್ಷಪಾತವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನಮ್ಮ ದೃಷ್ಟಿಯಲ್ಲಿ, ಬಲ್ಬಿನ ಕಾರಣಕ್ಕೆ ಅಂಥ ಗೆಲುವನ್ನು ಕಸಿದದ್ದು ಅತಿಯಾಯಿತು. ಆದರೆ ಡಿಪ್ ಎಂಬುದು ಎದುರಿನವನ ಹಕ್ಕು ಎಂಬ ಮಾತಂತೂ ಸುಳ್ಳಲ್ಲ. ಎರಡು ತಂತುಗಳ ಹ್ಯಾಲೊಜೆನ್ ಬಲ್ಬು, ಎಚ್-4, ಬಂದದ್ದು 1971ರಲ್ಲಿ. ಐದು ವರ್ಷ ಮೊದಲೇ ಅದು ಬಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ರಿಪೇರಿ ಎಲ್ಲಿಂದ ಶುರುವಾಗಬೇಕು?

ಅದೇ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರು ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹಳೆಯ ಸ್ಪೋರ್ಟ್ಸ್ ಕಾರು ಸಾಕುವವರಲ್ಲಿ ಇಂದಿಗೂ ಇದರ ಒಕ್ಕಲು ದೊಡ್ಡದು. ಅವರೆಲ್ಲರ ಸಾಮಾನ್ಯ ದೂರು ಒಂದೇ: ಹೆಡ್‌ಲೈಟು ಮಂಕು. ಕೂಡಲೇ ಮನಸ್ಸು ದೊಡ್ಡ ಬಲ್ಬಿನ ಕಡೆಗೆ ಹರಿಯುತ್ತದೆ. ಆದರೆ ರೋಗ ಬಲ್ಬಿನಲ್ಲಿ ಇರುವುದು ಕಡಿಮೆ.

ಆ ಕಾರಿನಲ್ಲಿ ಹೆಡ್‌ಲೈಟಿಗೆ ರಿಲೇ ಇಲ್ಲ, ಫ್ಯೂಸೂ ಇಲ್ಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತೆಲ್ಲ ಡ್ಯಾಷ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಡಿಪ್ ಸ್ವಿಚ್ಚನ್ನು ಹಾದು, ಮತ್ತೆ ಮುಂದಕ್ಕೆ ಹೋಗಿ ದೀಪ ಮುಟ್ಟಬೇಕು. 60 ವಾಟಿನ ಎರಡು ದೀಪಗಳಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಅರವತ್ತು ವರ್ಷ ಹಳೆಯ ತಂತಿ, ಕಿಲುಬು ಹಿಡಿದ ಜೋಡಣೆ, ತುಕ್ಕಿನ ಮೇಲೆ ಕುಳಿತ ಅರ್ತ್: ಪ್ರತಿಯೊಂದು ಕಡೆಯೂ ಸುಂಕದ ಕಟ್ಟೆಯಂತೆ ಸ್ವಲ್ಪಸ್ವಲ್ಪ ವೋಲ್ಟೇಜ್ ಕಿತ್ತುಕೊಳ್ಳುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದ್ದರಿಂದ ತಿಳಿದವರು ಮೊದಲು ಕೈಗೆತ್ತಿಕೊಳ್ಳುವುದು ಮೀಟರನ್ನು. ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯಲ್ಲಿ ಎಷ್ಟು, ಬಲ್ಬಿನ ಹಿಂದೆ ಎಷ್ಟು ಎಂದು ಅಳೆಯುತ್ತಾರೆ. ಬಳಿಕ ಕಪ್ಪು ಬಣ್ಣದ ಅರ್ತ್ ತಂತಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಬಿಗಿಯುತ್ತಾರೆ. ಇಷ್ಟರಲ್ಲಿಯೇ ಅರ್ಧ ಕತ್ತಲೆ ಹೋಗುವುದುಂಟು. ನಂತರ ರಿಲೇ: ನೀಲಿ-ಬಿಳಿಯ ಮೇನ್ ಬೀಮ್ ತಂತಿ ಮತ್ತು ನೀಲಿ-ಕೆಂಪಿನ ಡಿಪ್ ತಂತಿ ರಿಲೇಗೆ ಆಜ್ಞೆ ಕೊಡುವ ಕೆಲಸವನ್ನು ಮಾತ್ರ ಮಾಡುತ್ತವೆ. ದೀಪಕ್ಕೆ ಬೇಕಾದ ವಿದ್ಯುತ್ತು ಹೊಸ ದಪ್ಪ ತಂತಿಯಲ್ಲಿ, ಫ್ಯೂಸಿನ ಮೂಲಕ ನೇರವಾಗಿ ಹರಿಯುತ್ತದೆ. ಎಡಬಲಕ್ಕೆ ಬೇರೆಬೇರೆ ಫ್ಯೂಸ್ ಇಟ್ಟರೆ ಎರಡು ಕಣ್ಣೂ ಒಮ್ಮೆಲೇ ಮುಚ್ಚುವ ಭಯವಿಲ್ಲ.

ಇದೆಲ್ಲ ಆದ ಮೇಲೆ ಬಲ್ಬಿನ ಮಾತು. ಏಳು ಅಂಗುಲದ ಸೀಲ್ಡ್ ಬೀಮ್ ತೆಗೆದು ಎಚ್-4 ಕೂರುವ ದೀಪ ಹಾಕಬಹುದು. ಆ ಬಲ್ಬಿನ ಗಾಜಿಗೆ ಬೆರಳು ತಾಗಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕಾದು ಕೆಡುತ್ತದೆ. ಅಮೆರಿಕೆಯಿಂದ ಮರಳಿ ಇಂಗ್ಲೆಂಡಿಗೆ ಬಂದ ಕಾರಾದರೆ ದೀಪವನ್ನು ಬದಲಿಸಲೇಬೇಕು. ಬಲಬದಿಯಲ್ಲಿ ಓಡಿಸುವ ದೇಶದ ದೀಪ ಎಡಬದಿಯ ರಸ್ತೆಯಲ್ಲಿ ಎದುರಿನವನ ಕಣ್ಣಿಗೇ ಬೆಳಕು ಚೆಲ್ಲುತ್ತದೆ. 1967ಕ್ಕೆ ಮೊದಲಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿ ಅರ್ತ್ ಆಗಿರುತ್ತದೆ. ಅದರ ಡೈನಮೋ ಕೊಡುವುದು 22 ಆಂಪಿಯರ್ ಮಾತ್ರ. ದೀಪ, ವೈಪರ್, ಹೀಟರ್, ಎಂಜಿನ್ನಿನ ಕಿಡಿ ಎಲ್ಲಕ್ಕೂ ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಈಗಿನ ಎಲ್.ಇ.ಡಿ. ಬಲ್ಬುಗಳಿಗೆ ವಿದ್ಯುತ್ತು ಕಡಿಮೆ ಸಾಕು, ನಿಜ. ಆದರೆ ಧನ-ಋಣ ಅದಲುಬದಲಾದರೆ ಅವು ಉರಿಯದೇ ಇರಬಹುದು. ಬೆಳಕಿನ ಬಿಂದು ಹಳೆಯ ತಂತುವಿದ್ದ ಜಾಗದಲ್ಲೇ ಇಲ್ಲದಿದ್ದರೆ ರಿಫ್ಲೆಕ್ಟರ್ ಅದನ್ನು ಕಂಡಕಂಡಲ್ಲಿ ಚೆಲ್ಲುತ್ತದೆ.

ನಾವೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತವರು. ಸ್ಪೋರ್ಟ್ಸ್ ಕಾರು ನಮ್ಮ ಹಣೆಯಲ್ಲಿ ಬರೆದಿರಲಿಲ್ಲ; ಇದ್ದದ್ದೊಂದು ಹಳೆಯ ಸಂಸಾರಿ ಕಾರು. ಊರಿಗೆ ಹೊರಡುವ ಮುನ್ನ ಬೆಳಕು ಸಾಲದೆಂದು 100 ವಾಟಿನ ಬಲ್ಬು ಹಾಕಿಸಿದೆವು. ತಂತಿಯ ಗೊಡವೆಗೆ ಹಾಕಿದವರೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಘಟ್ಟ ಹತ್ತುವಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು; ಸ್ವಿಚ್ಚು ಕರಗಿ ದೀಪ ಆರಿತು. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಳಗಾಗುವವರೆಗೆ ರಸ್ತೆಯ ಬದಿಯಲ್ಲಿ ಕಳೆದೆವು. ಆ ರಾತ್ರಿ ನಮ್ಮನ್ನು ದಾಟಿಹೋದ ಲಾರಿಗಳವರು ಹಲವರು ಬೆಳಕು ತಗ್ಗಿಸಿ, ನಿಧಾನಿಸಿ, ಏನಾಯಿತೆಂದು ಕೇಳಿ ಹೋದರು. ಅಷ್ಟು ದಿನ ದಾರಿಯುದ್ದಕ್ಕೂ ಅವರ ಬೆಳಕನ್ನು ಬೈದುಕೊಂಡು ಓಡಾಡಿದ್ದ ನಮಗೆ, ನಮ್ಮ 100 ವಾಟಿನ ದೀಪ ಅವರ ಕಣ್ಣಿಗೆ ಹೇಗಿತ್ತೆಂಬುದು ಹೊಳೆದದ್ದು ಆಗ.

ಹಳೆಯ ಕಾರನ್ನು ಇದ್ದಂತೆಯೇ ಉಳಿಸಬೇಕೆ, ಕಾಲಕ್ಕೆ ತಕ್ಕಂತೆ ತಿದ್ದಬೇಕೆ ಎಂಬ ಚರ್ಚೆ ಸಂಗ್ರಾಹಕರಲ್ಲಿ ನಿಲ್ಲದು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಮೂಲ ದೀಪವೇ ಭೂಷಣ. ರಸ್ತೆಗೆ ಇಳಿಯುವ ಕಾರಿನ ಮಾತು ಬೇರೆ. ಅಲ್ಲಿ ಹೊರಗಿನ ಗಾಜು ಹಳೆಯದಿರಲಿ, ಒಳಗಿನ ತಂತಿ ಹೊಸದಿರಲಿ. ವಾಚಕರಲ್ಲಿ ಯಾರಾದರೂ ಈ ಸಲ ರಾತ್ರಿ ಊರಿಗೆ ಹೊರಡುವವರಿದ್ದರೆ, ಕಾರು ಯಾವುದೇ ಇರಲಿ, ಸಂಜೆ ಒಂದು ಗೋಡೆಯ ಮುಂದೆ ನಿಲ್ಲಿಸಿ ಎರಡೂ ದೀಪ ಹಚ್ಚಿ, ಡಿಪ್ ಮಾಡಿ ನೋಡಿ. ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆಂದು ಕಣ್ಣಾರೆ ಕಂಡು ಹೊರಡಿ.